ಫ್ಲಾರೆನ್ಸಿನ ಒಡಪು

ನನ್ನ ಅತ್ತೀ,

ನಿನ್ನ ಗಿರಿಜಾ ಬರೆಯುತ್ತಿದ್ದೇನೆ. ಗದಗಿನಲ್ಲಿ ನಾವಿಬ್ಬರೂ ಆರಾಮ. ನಿನ್ನ ಕಡೆಯ ಸುದ್ದಿ ಏನೆಂದು ಕೇಳುವುದಿಲ್ಲ. ಹೋಗಿ ಒಂದು ವಾರದೊಳಗೇ ಅಲ್ಲಿರುವವರನ್ನೆಲ್ಲ ಒಂದು ಸುತ್ತು ಮಾತಾಡಿಸಿ, ಯಾರಿಗೆ ಲಗ್ನವಾಗಿಲ್ಲ, ಯಾಕೆ ಆಗಿಲ್ಲ ಎಂದು ಪತ್ತೆ ಹಚ್ಚಿರುತ್ತೀ. ನೀನು ನಮ್ಮನ್ನು ಬಿಟ್ಟು ಹೋಗಿ ಎರಡು ದೀಪಾವಳಿ ಆದವು. ಇಷ್ಟು ದಿನ ನಿನಗೆ ಬರೆಯುವ ಮನಸ್ಸಾಗಲಿಲ್ಲ, ಯಾಕೆಂದರೆ ನಿನ್ನ ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಫೋನ್ ಎತ್ತಿದ ಕೂಡಲೇ, ಉಂಡೆಯಾ ಎಂದು ಸಹ ವಿಚಾರಿಸದೆ, "ಒಡಪು ಹೇಳಿದೇನ?" ಎನ್ನುತ್ತಿದ್ದೆಯಲ್ಲ, ಆ ಪ್ರಶ್ನೆಗೆ. ಈಗ ಉತ್ತರ ಇದೆ. ಆದರೆ ನೀನು ನಡುವೆ ಬಾಯಿ ಹಾಕದೆ ಮೊದಲಿನಿಂದ ಕೇಳಬೇಕು. ಈ ಸಲವಾದರೂ ಸಾಧ್ಯವಾದೀತಲ್ಲ?

ನನ್ನ ಮೊದಲ ಲಗ್ನದ ದಿನ ನೀನು ಲಕ್ಷ್ಮೇಶ್ವರದ ಮನೆಯ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಿದ್ದೆ. "ಗಂಡನ ಹೆಸರ ಹೇಳದ ಒಳಗ ಕಾಲಿಡಂಗಿಲ್ಲ ನೋಡವಾ" ಎಂದೆ. ನೀನು ನನ್ನ ಅಪ್ಪನ ಅಕ್ಕ, ಬೆಟಗೇರಿಯ ನಮ್ಮ ಮನೆಯಲ್ಲಿ ನನ್ನನ್ನು ಎತ್ತಿ ಆಡಿಸಿದವಳು. ಆ ಹೊತ್ತಿಗೆ ಮಾತ್ರ ಪಕ್ಕಾ ಅತ್ತೆ. ಹಿಂದಿನ ದಿನದ ತನಕ ನಿನ್ನ ಮಗನನ್ನು "ಲೇ ಬಸ್ಯಾ" ಎಂದು ಓಣಿಯ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದವಳು ನಾನು. ಕೊರಳಿಗೆ ತಾಳಿ ಬಿದ್ದದ್ದೇ ತಡ, ಅದು ಬಾಯಿಬಿಟ್ಟು ಹೇಳಬಾರದ ಹೆಸರಾಯಿತು. ಹೇಳುವುದಿದ್ದರೆ ಒಡಪಿನಲ್ಲೇ ಹೇಳಬೇಕು, ಪ್ರಾಸದ ಮಾತಿನೊಳಗೆ ಹೂರಣ ತುಂಬಿದ ಹಾಗೆ ತುಂಬಿ. ಆ ಒಡಪನ್ನೂ ನೀನೇ ಹೆಣೆದು, ಅರಿಷಿಣ ಹಚ್ಚುವ ನೆಪದಲ್ಲಿ ನನ್ನ ಕಿವಿಯಲ್ಲಿ ಊದಿದ್ದೆ. ಪ್ರಶ್ನೆ ಕೇಳಿದವಳೂ ನೀನೇ, ಕಾಪಿ ಹೊಡೆಸಿದವಳೂ ನೀನೇ! ನಾನು ಒಂದೇ ಉಸಿರಿಗೆ ಹೇಳಿ ಒಳಗೆ ಓಡಿದೆ. ಹಿಂದೆ ನೀನು ನಕ್ಕದ್ದು ಇನ್ನೂ ಕೇಳುತ್ತದೆ.

ಆಮೇಲೆ ಆ ದಿನ. ಮುಂಡರಗಿಯ ಅಂಗಡಿಯೊಂದಕ್ಕೆ ಸೀರೆ ಮುಟ್ಟಿಸಿ ಬಸ್ಸಿನಲ್ಲಿ ಬರುತ್ತಿದ್ದ ನಿನ್ನ ಮಗ ಶಿರಹಟ್ಟಿ ದಾಟುವವರೆಗೂ ಪಕ್ಕದವರ ಜೊತೆ ಮಾತಾಡುತ್ತಿದ್ದನಂತೆ. ಕಿಟಕಿಗೆ ತಲೆಯಿಟ್ಟ. ಲಕ್ಷ್ಮೇಶ್ವರದ ನಿಲ್ದಾಣದಲ್ಲಿ ಎಲ್ಲರೂ ಇಳಿದರು, ಅವನು ಮಾತ್ರ... ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂತು. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರೇ ನಿಂತುಹೋಯಿತು. ನಾನು ಅಳುತ್ತೇನೆಂದು ನೀನು ಹೇಳುತ್ತಿರಲಿಲ್ಲ, ನೀನು ಊಟ ಬಿಡುತ್ತೀ ಎಂದು ಉಳಿದವರು ಹೇಳುತ್ತಿರಲಿಲ್ಲ. ನಾನಂತೂ ಮೊದಲೇ ಹೇಳುವ ಹಾಗಿರಲಿಲ್ಲ. "ಅಂವ" ಎನ್ನುತ್ತಿದ್ದೆವು. ಅಂವ ಇದ್ದಾಗ, ಅಂವಗ ಸೇರತಿದ್ದ ಪಲ್ಯ. ಹೆತ್ತ ತಾಯಿಯ ಬಾಯಲ್ಲೂ ಮಗ ಬರೀ "ಅಂವ" ಆಗಿಬಿಟ್ಟ. ನಿನಗೆ ಆ ಹೆಸರಿನ ಹಸಿವು ಎಷ್ಟಿತ್ತು ಎಂದು ನನಗೆ ಆಗ ತಿಳಿಯಲಿಲ್ಲ, ಅತ್ತಿ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ನೀನು ಮಾಸ್ತರರನ್ನು ಹಿಡಿದ ಸೋಮವಾರ ನೆನಪಿದೆಯೇ? ಹುಲಕೋಟಿಯ ಶಾಲೆಯ ಚಿತ್ರಕಲೆಯ ಮಾಸ್ತರರು ಅವರು, ಮಕ್ಕಳನ್ನು ಕರೆತಂದು, ಗುಡಿಯ ಗೋಡೆಯ ಮುಂದೆ ಕೂರಿಸಿ ಚಿತ್ರ ಬಿಡಿಸುತ್ತಿದ್ದರು. ಬಿಸಿಲಿಗೆ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡಿದ್ದರು. ನೀನು ಪ್ರದಕ್ಷಿಣೆಯನ್ನು ಅರ್ಧಕ್ಕೇ ಬಿಟ್ಟು, ಅವರ ಹಿಂದೆ ನಿಂತು ಚಿತ್ರ ನೋಡಿದೆ. ಆಮೇಲೆ ನೇರವಾಗಿ, "ಛಲೋ ಬಂದೈತ್ರಿ ಮಾಸ್ತರ. ಲಗ್ನ ಆಗೇತೇನ್ರಿ?" ಎಂದು ಕೇಳಿದೆ. ಅವರ ಕೈಯಲ್ಲಿನ ಪೆನ್ಸಿಲ್ ಕೆಳಗೆ ಬಿತ್ತು. ತಂಗಿಯರ ಲಗ್ನ ಮಾಡುವುದರಲ್ಲಿ ತಮ್ಮ ವಯಸ್ಸು ಕಳೆಯಿತು ಎಂದರು. "ಕಳದಿಲ್ರಿ, ಇಲ್ಲೇ ಕುಂತೈತಿ" ಎಂದು ನೀನು ಮನೆಯ ದಾರಿ ತೋರಿಸಿದೆ. ಊರೆಲ್ಲ ಬಾಯಿಗೆ ಬಂದಂತೆ ಆಡಿತು. ಮಗ ಸತ್ತ ಮನೆಯ ಸೊಸೆಗೆ ಅತ್ತೆಯೇ ವರ ಹುಡುಕುವುದು ಎಂದರೇನು? "ನನ್ನ ತಮ್ಮನ ಮಗಳು, ನನ್ನ ಸೊಸಿ. ಎರಡೂ ಕಡಿಂದ ನನಗ ಹಕ್ಕೈತಿ" ಎಂದು ನೀನು ಎಲ್ಲರ ಬಾಯಿ ಮುಚ್ಚಿಸಿದೆ.

ಆದರೆ ನನ್ನ ಬಾಯಿ ತೆರೆಸಲು ನಿನ್ನಿಂದಲೂ ಆಗಲಿಲ್ಲ. ಉಡಿಕಿ ಎಂದರೆ ಗಂಡ ಸತ್ತವಳಿಗೆ ಮಾಡುವ, ಸದ್ದುಗದ್ದಲವಿಲ್ಲದ ಲಗ್ನ. ಒಂದು ಸೀರೆ ಉಡಿಸಿ, ನಾಲ್ಕು ಜನರ ಮುಂದೆ ತಾಳಿ ಕಟ್ಟಿದರೆ ಆಯಿತು. ಅಲ್ಲಿ ಒಡಪು ಕೇಳುವವರು ಯಾರು? ನೀನೊಬ್ಬಳು ಕೇಳಿದೆ. ಗದಗಿನ ಅವರ ಮನೆಯ ಹೊಸ್ತಿಲಲ್ಲಿ ಮತ್ತೆ ಹಾಗೆಯೇ ಕೈ ಚಾಚಿ ನಿಂತೆ. ನಾನು ಬಾಯಿ ತೆರೆದೆ. ಒಳಗಿನಿಂದ ಎದ್ದು ಬಂದದ್ದು ಹಳೆಯ ಒಡಪು, ಹಳೆಯ ಹೆಸರು. ತುಟಿ ಕಚ್ಚಿಕೊಂಡೆ. ಎಲ್ಲರೂ ನಾಚಿಕೆ ಎಂದುಕೊಂಡು ನಕ್ಕರು, ನೀನು ಮಾತ್ರ ನಗಲಿಲ್ಲ. ಕೈ ಇಳಿಸಿ ದಾರಿ ಬಿಟ್ಟೆ. ನನಗೆ ಮಾಸ್ತರರ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಬಂದ ವರ್ಷವೇ ಅದು ನನಗೆ ಗೊತ್ತಾಗಿತ್ತು. ಬಾಯಿ ತೆರೆದರೆ ಯಾರ ಹೆಸರು ಬಂದೀತೋ ಎಂಬ ಹೆದರಿಕೆ. ಅವರೂ ಒಮ್ಮೆಯಾದರೂ ಕೇಳಲಿಲ್ಲ. ನಿನ್ನ ಮಗನ ವಿಷಯವನ್ನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಷ್ಟು ವರ್ಷ ಅವನು ನಮ್ಮಿಬ್ಬರ ನಡುವೆ ಸುಮ್ಮನೆ ಕುಳಿತಿದ್ದ! ನೀನು ಕೊನೆಗೆ ಹಾಸಿಗೆ ಹಿಡಿದಾಗಲೂ ನನ್ನ ಕೈ ಹಿಡಿದು, "ಇನ್ನs ಇಲ್ಲೇನ?" ಎಂದೆ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನೀನು ಕಣ್ಣು ಮುಚ್ಚಿದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕ ಊರಿನ ಮಾತು. ಮಾಸ್ತರರು ನಿವೃತ್ತರಾದ ಮೇಲೆ ಹುಬ್ಬಳ್ಳಿಯಿಂದ ಹೊರಟ ಪ್ರವಾಸದ ಗುಂಪಿನ ಜೊತೆ ನಾವೂ ಹೊರಟೆವು. ಇಟಲಿಯ ಫ್ಲಾರೆನ್ಸ್ ಎಂಬ ಊರು. ಒಂದು ದೊಡ್ಡ ಗುಮ್ಮಟದ ಊರು. ಆ ಗುಮ್ಮಟವನ್ನು ಮಾಸ್ತರರು ಕಣ್ಣಿಂದ ನೋಡದೆಯೇ ಸೇವೆಯುದ್ದಕ್ಕೂ ಕರಿಹಲಗೆಯ ಮೇಲೆ ಬಿಡಿಸಿ ಒರೆಸಿ ಬಿಡಿಸಿ ಒರೆಸಿದ್ದರು. ಒಂದು ದಿನ ಗುಂಪಿನವರೆಲ್ಲ ದೂರದ ಯಾವುದೋ ಬಜಾರಕ್ಕೆ ಹೋದರು. "ನೀನೂ ಹೋಗತೀಯೇನ?" ಎಂದರು ಮಾಸ್ತರರು. "ನೀವು ಎಲ್ಲಿ, ನಾನೂ ಅಲ್ಲೇ ಬರ್ತೀನ್ರಿ" ಎಂದೆ. ಬೆಳಗಿನ ಹೊತ್ತು, ನದಿಯ ಮೇಲೆ ಹಾಲಿನ ಕೆನೆಯಂಥ ಮಂಜು. ಬೀದಿಯಲ್ಲಿ ನಾವಿಬ್ಬರೇ. ನಮ್ಮ ಹೆಜ್ಜೆಯ ಸದ್ದು ಮುಂದೆ ಹೋಗಿ ತಿರುವಿನಲ್ಲಿ ನಮಗಾಗಿ ಕಾಯುತ್ತಿತ್ತು. ನಾನು ನಡೆಯುತ್ತಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯಲಿಲ್ಲ.

ತಿರುವು ಕಳೆದದ್ದೇ ಆ ದೊಡ್ಡ ಗುಡಿ. ಗುಡಿ ಎಂದರೆ ಚರ್ಚು, ನೀನಿದ್ದರೆ ಗುಡಿ ಎಂದೇ ಕೈ ಮುಗಿಯುತ್ತಿದ್ದೆ. ಗೋಡೆಯುದ್ದಕ್ಕೂ ಬಿಳಿ, ಹಸಿರು, ತುಸು ಕೆಂಪು ಅಮೃತಶಿಲೆಯ ಚೌಕಳಿ. ನನಗೆ ಕಂಡದ್ದು ಸೀರೆ. ನಮ್ಮ ಅಪ್ಪನ ಮಗ್ಗದ ಮೇಲಿಂದ ಈಗಷ್ಟೇ ಇಳಿಸಿ ಬಿಸಿಲಿಗೆ ಹರವಿದ ಹಾಗೆ. "ಏನ್ರಿ, ಇದರ ಅಂಚು ನೋಡ್ರಿ" ಎಂದೆ. ಮಾಸ್ತರರು ಕಲ್ಲು, ಕಮಾನು, ಕಟ್ಟಿದ ಕಾಲ ಎಂದು ಏನೋ ಹೇಳುತ್ತಿದ್ದವರು ನಿಲ್ಲಿಸಿ, ನನ್ನ ಕಣ್ಣಿನಿಂದ ಗೋಡೆ ನೋಡಿದರು. "ಹೌದಲ್ಲ. ಪದರು ಎಲ್ಲಿ ಬಂತು?" ಎಂದು ಕೇಳಿದರು. ನಾವಿಬ್ಬರೂ ಗುಡಿಯ ಸುತ್ತ ಸೀರೆಯ ಸೆರಗು ಹುಡುಕುತ್ತ ಹೋದೆವು, ಮತ್ತು ಅದು ಕಂಚಿನ ಬಾಗಿಲ ಹತ್ತಿರ ಸಿಕ್ಕಿತು ಎಂದು ಇಬ್ಬರೂ ಒಪ್ಪಿದೆವು. ಇಂಥ ಹುಚ್ಚಾಟಕ್ಕೆ ಜೊತೆ ಬರುವ ಗಂಡಸನ್ನು ನೀನು ಎಲ್ಲಿಂದ ಹುಡುಕಿದೆ, ಅತ್ತಿ?

ಚೌಕದಲ್ಲಿ ಬಟ್ಟೆಯಿಲ್ಲದ ಒಬ್ಬ ಎತ್ತರದ ಗಂಡಸಿನ ಮೂರ್ತಿ ಇತ್ತು. ನಾನು ಬೇರೆ ಕಡೆ ನೋಡಿದೆ, ಮತ್ತೆ ನೋಡಿದೆ. ಅರಿವೆ ಅಂಗಡಿಯ ಮನೆಯವಳಾದ ನೀನು ಏನೆನ್ನುತ್ತಿದ್ದೆ ಎಂದು ಗೊತ್ತು: "ಇಷ್ಟ ದೊಡ್ಡ ಊರಾಗ ಇವಗ ಒಂದ ಪಂಜಿ ಸಿಗಲಿಲ್ಲೇನ?" ಅದನ್ನು ನಾನೇ ಜೋರಾಗಿ ಹೇಳಿದೆ. ಮಾಸ್ತರರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನಿನ್ನ ಮಾತು ಕೇಳಿ ಅವರು ನಗುವುದು ಯಾವಾಗಲೂ ಹಾಗೆಯೇ ತಾನೆ?

ಚಿತ್ರಶಾಲೆಯಲ್ಲಿ ಕೋಣೆಯ ಒಳಗೆ ಕೋಣೆ, ಅದರೊಳಗೆ ಮತ್ತೊಂದು ಕೋಣೆ. ಎಲ್ಲ ಕಡೆ ತಾಯಿ, ತೊಡೆಯ ಮೇಲೆ ಕೂಸು. ಒಬ್ಬಳು ಕೂಸನ್ನು ನೋಡುತ್ತಿಲ್ಲ, ದೂರ ಏನನ್ನೋ ನೋಡುತ್ತಿದ್ದಾಳೆ, ಮುಂದೆ ಬರುವುದು ಈಗಲೇ ಗೊತ್ತಿದ್ದವಳ ಹಾಗೆ. ಅವಳ ಮುಂದಿನ ಬೆಂಚಿನಲ್ಲಿ ಕುಳಿತೆ. ಮಾಸ್ತರರು ಮುಂದಿನ ಕೋಣೆಗೆ ಹೋದರು. ಕಣ್ಣು ಹತ್ತಿರಬೇಕು. ನೀನು ಬಂದೆ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಆ ನುಣುಪಾದ ನೆಲದ ಮೇಲೆ ಜಾರದೆ ನಡೆದು ಬಂದು ಆ ತಾಯಿಯ ಚಿತ್ರದ ಮುಂದೆ ನಿಂತೆ. ಬಹಳ ಹೊತ್ತು ನಿಂತೆ. "ಇಕಿ ಮಗನ ಹೆಸರೇನು?" ಎಂದು ನನ್ನ ಕಡೆ ತಿರುಗದೆಯೇ ಕೇಳಿದೆ. ಹೇಳಬೇಕು ಎನ್ನುವಷ್ಟರಲ್ಲಿ ಮಾಸ್ತರರು ಭುಜ ಮುಟ್ಟಿ ಎಬ್ಬಿಸಿದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀನು ಬಂದಿದ್ದೆ ಎಂದು ಅವರಿಗೆ ಹೇಳಿದೆ. "ಏನಂದ್ರು?" ಎಂದರು, ಸಂತೆಯಲ್ಲಿ ಸಿಕ್ಕವರ ಬಗ್ಗೆ ಕೇಳುವಂತೆ.

ಅಲ್ಲಿಯ ಅರಮನೆಗಳಿಗೂ ಕಟ್ಟೆ ಇದೆ, ಗೊತ್ತೇ? ಗೋಡೆಯ ಬುಡಕ್ಕೆ ಉದ್ದಕ್ಕೂ ಕಲ್ಲಿನ ಕಟ್ಟೆ. ಹೋಗುವವರು ಬರುವವರು ಕುಳಿತು ದಣಿವಾರಿಸಿಕೊಳ್ಳಲಿ ಎಂದು ಕಟ್ಟಿಸಿದ್ದಂತೆ. ನಾವೂ ಕುಳಿತೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಮಾಸ್ತರರು ತಿನ್ನುತ್ತ ತಿನ್ನುತ್ತ ಗದಗಿನ ತ್ರಿಕೂಟೇಶ್ವರ ಗುಡಿಯ ಕಂಬಗಳ ಮಾತು ತೆಗೆದರು. ಆ ಕಪ್ಪು ಕಲ್ಲನ್ನು ಸಾಣೆ ಹಿಡಿದು ತಿರುವಿ ತಿರುವಿ ಕನ್ನಡಿ ಮಾಡಿದ್ದಾರಲ್ಲ, ಅದರಲ್ಲಿ ನಮ್ಮ ಮುಖ ಉದ್ದ ಕಾಣುತ್ತದೆ. ಈ ಊರಿನವರು ಅದನ್ನು ನೋಡಬೇಕಿತ್ತು ಎಂದರು. "ಅವರೂ ಬರಲಿ, ರೊಟ್ಟಿ ಕೊಡೋಣ್ರಿ" ಎಂದೆ. ಕಟ್ಟೆಯ ಇನ್ನೊಂದು ತುದಿಯಲ್ಲಿದ್ದ ಮುದುಕಿಗೆ ಒಂದು ಚೂರು ಕೊಟ್ಟೆ. ಅವಳು ಕಡಿದು, ಸದ್ದಿಗೆ ಬೆಚ್ಚಿ, ತಾನೇ ನಕ್ಕಳು.

ಮಧ್ಯಾಹ್ನ ಗುಮ್ಮಟ ಹತ್ತುವ ಹೊತ್ತು ಬಂತು. ಮೆಟ್ಟಿಲು ಬಾವಿಯೊಳಗಿನ ಹಾಗೆ ಇಕ್ಕಟ್ಟು, ನನ್ನ ಮೊಣಕಾಲು ನಿನಗೆ ಗೊತ್ತು. "ಹಂಗಾರ ನಾನೂ ಒಲ್ಲೆ" ಎಂದರು ಮಾಸ್ತರರು. ಜನ್ಮವಿಡೀ ಬಿಡಿಸಿದ ಗುಮ್ಮಟದ ಬುಡಕ್ಕೆ ಬಂದು ಒಲ್ಲೆ ಎನ್ನುವುದೇ? "ಹೋಗ್ರಿ ಸುಮ್ನ. ನನ್ನ ಪಾಲಿಂದೂ ನೀವs ನೋಡಿ ಬರ್ರಿ" ಎಂದು ದೂಡಿದೆ. ಅವರ ಫೋನಿನ ಜೀವ ಬೆಳಗ್ಗೆಯೇ ಹೋಗಿತ್ತು, ಚಿತ್ರ ತೆಗೆಯಲಿ ಎಂದು ನನ್ನದನ್ನು ಕೊಟ್ಟೆ. "ಇದs ಬಾಗಲದಾಗ ನಿಂತಿರು, ಇಲ್ಲೇ ಬರತೀನಿ" ಎಂದು ಒಳಗೆ ಹೋದರು. ಹತ್ತುವ ಬಾಗಿಲು ಬೇರೆ, ಇಳಿಯುವ ಬಾಗಿಲು ಬೇರೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಹೋದ ಬಾಗಿಲಲ್ಲೇ ತಾನೆ ಹೊರಗೆ ಬರುವುದು?

ನಿಂತೆ. ನೆರಳು ಗೋಡೆಯ ಮೇಲೆ ಸರಿಯಿತು. ಅವರ ಜೊತೆ ಒಳಗೆ ಹೋದ ಕೆಂಪು ಟೊಪ್ಪಿಗೆಯ ಹುಡುಗಿ ಎಲ್ಲಿಂದಲೋ ಬಂದು, ಐಸ್ಕ್ರೀಮ್ ತಿನ್ನುತ್ತ ನನ್ನ ಮುಂದೆ ಹೋದಳು. ಅವಳು ಇಳಿದಿದ್ದಾಳೆ, ಇವರು ಇಳಿದಿಲ್ಲ. ನನಗೆ ಕಂಡದ್ದು ಏನು ಗೊತ್ತೇ? ಬಸ್ಸು. ಎಲ್ಲರೂ ಇಳಿದ ಬಸ್ಸು, ಕಿಟಕಿಗೆ ತಲೆಯಿಟ್ಟ ಒಬ್ಬ. ಇಕ್ಕಟ್ಟಾದ ಆ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಇವರೂ... ಇಲ್ಲ ಇಲ್ಲ ಎಂದುಕೊಂಡೆ. ಇನ್ನೊಮ್ಮೆ ನನಗೆ ಅದು ಆಗಬಾರದು, ನಾನು ತಡೆಯಲಾರೆ. ಬಾಗಿಲಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಓಡಿ ಅವಳ ಕೈ ಹಿಡಿದೆ. "ಹಸ್ಬಂಡ್, ಹಸ್ಬಂಡ್" ಎಂದು ಮೇಲಕ್ಕೆ ಬೆರಳು ತೋರಿಸಿದೆ. ಸಣ್ಣ ಕಣ್ಣಿನ, ದಪ್ಪ ದನಿಯ ಒಳ್ಳೆಯ ಹೆಂಗಸು. ನನ್ನ ಬೆನ್ನು ಸವರಿ, ತನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದಳು: ಹೆಸರೇನು? ಗಂಡನ ಹೆಸರೇನು?

ಅತ್ತೀ, ಆ ಊರಿನಲ್ಲಿ ಇಷ್ಟು ಸರಳವಾದ ಪ್ರಶ್ನೆ ಇನ್ನೊಂದಿಲ್ಲ. "ಮಾಸ್ತರ" ಎಂದೆ. ಹೆಸರು, ಹೆಸರು ಎಂದಳು. "ನಮ್ಮನಿಯವರು" ಎಂದೆ. ಅವಳಿಗೆ ಏನು ತಿಳಿದೀತು? ಹೆಸರು ಗಂಟಲಿನಲ್ಲೇ ಇತ್ತು, ಮೇಲೆ ಬರಲೊಲ್ಲದು. ಪಾಸ್ಪೋರ್ಟಾದರೂ ತೋರಿಸೋಣವೆಂದರೆ ಎರಡೂ ಗುಂಪಿನ ಮುಂದಾಳಿನ ಕಡೆ. ಅವಳು ನನ್ನ ಎರಡೂ ಭುಜ ಹಿಡಿದು, ಮುಖದ ಹತ್ತಿರ ಮುಖ ತಂದು, ಹೆಸರು ಹೇಳಮ್ಮ ಎಂದು ಮತ್ತೆ ಕೇಳಿದಳು. ಅವಳ ಚಾಚಿದ ಕೈ, ಹಿಂದೆ ಬಾಗಿಲು. ನಾಲಿಗೆ ತಾನೇ ಹೊರಟಿತು:

"ಬೆಟಗೇರಿ ಸೀರಿಗೆ ರೇಶಿಮಿ ಅಂಚ,
ಅತ್ತಿಯ ಮನಿಯಾಗ ಸಾಗವಾನಿ ಮಂಚ,
ಬಸವರಾಜರ ಹೆಸರ ಹೇಳಾಕ ನಾಚಿಕಿಲ್ಲ ಕೊಂಚ."

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಆದರೆ ಅವಳು ಅಷ್ಟು ಮಾತಿನ ನಡುವೆ ಹೆಸರು ಯಾವುದೆಂದು ಹೇಗೋ ಹಿಡಿದುಬಿಟ್ಟಿದ್ದಳು. ಹೆಂಗಸಲ್ಲವೇ! "ಬಸವರಾಜ?" ಎಂದಳು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವಳು ಹೊರಗಿನ ಮೆಟ್ಟಿಲ ತುದಿಗೆ ಹೋಗಿ, ಎದೆ ತುಂಬ ಗಾಳಿ ತೆಗೆದುಕೊಂಡು, ಆ ಚೌಕಕ್ಕೆಲ್ಲ ಕೇಳುವಂತೆ ಕೂಗಿದಳು: "ಬಾಸಾವರಾಜಾ!"

ಪಾರಿವಾಳಗಳು ಎದ್ದವು. ಗೋಡೆಯ ತಿರುವಿನಲ್ಲಿದ್ದ ಇನ್ನೊಬ್ಬ ಕಾವಲಿನವನು ಅದನ್ನೇ ಎತ್ತಿಕೊಂಡು ಆ ಕಡೆಗೆ ಕೂಗಿದ. ದೂರದಲ್ಲಿ ಯಾರೋ ಮತ್ತೊಬ್ಬರು. ಆ ದೊಡ್ಡ ಗುಡಿಯ ಸುತ್ತ ನಿನ್ನ ಮಗನ ಹೆಸರು ಪ್ರದಕ್ಷಿಣೆ ಹಾಕಿತು, ಅತ್ತಿ. ನಾನು ಅವಳನ್ನು ತಡೆಯಬೇಕಿತ್ತು. ತಡೆಯಲಿಲ್ಲ. ಇನ್ನೊಮ್ಮೆ ಕೂಗಲಿ, ಇನ್ನೊಮ್ಮೆ ಕೂಗಲಿ ಎಂದು ಮನಸ್ಸು ಬೇಡುತ್ತಿತ್ತು. ಎಷ್ಟು ವರ್ಷದ ಮೇಲೆ ಆ ಹೆಸರನ್ನು ಒಬ್ಬರು ಗಟ್ಟಿಯಾಗಿ ಹೇಳುತ್ತಿದ್ದಾರೆ! ನಾನು ಜನರ ನಡುವೆ ಅವನನ್ನು ಹುಡುಕಿದೆ. ಹುಚ್ಚಿ ಎನ್ನು ಬೇಕಾದರೆ. ನೀಲಿ ಅಂಗಿ, ಕಂಕುಳಲ್ಲಿ ಸೀರೆಯ ಗಂಟು, ನಿದ್ದೆಯಿಂದ ಎದ್ದ ಮುಖ... ಬಂದೇ ಬಿಡುತ್ತಾನೆ ಎಂದು ನಂಬಿ ನಿಂತಿದ್ದೆ. ಬಂದರೆ ಏನು ಹೇಳಲಿ? ಮಾಸ್ತರರು ಮೇಲಿದ್ದಾರೆ, ತುಸು ತಡಿ ಎನ್ನಲೇ?

ಆಗ ತಿರುವಿನಿಂದ ಒಂದು ಕೈ ಮೇಲೆದ್ದಿತು. "ಬಂದ್ನಿ, ಬಂದ್ನಿ!" ಎನ್ನುತ್ತ ಜನರನ್ನು ಸರಿಸಿಕೊಂಡು ಮಾಸ್ತರರು ಏದುಸಿರು ಬಿಡುತ್ತ ಬಂದರು. ತಲೆಯ ಮೇಲೆ ಬಿಸಿಲಿಗೆ ಹಾಕಿಕೊಂಡ ಕರವಸ್ತ್ರ ಹಾಗೇ ಇತ್ತು. ಆ ಕಡೆಯ ಬಾಗಿಲಲ್ಲಿ ಇಳಿದು, ನನ್ನನ್ನು ಕಾಣದೆ, ಅವರೂ ಗುಡಿ ಸುತ್ತುತ್ತಿದ್ದರಂತೆ. ಅವರು ಈ ಕಡೆ ಬಂದಾಗ ನಾನು ಜನರ ಮರೆಯಲ್ಲಿದ್ದೆನೇನೋ. ಕಾವಲಿನ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಬಸವರಾಜ?" ಮಾಸ್ತರರು ಒಮ್ಮೆ ನನ್ನ ಮುಖ ನೋಡಿದರು. "ಯೆಸ್" ಎಂದರು.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಹುಡುಕಿ ನೋಡಿದೆ, ಇರಲಿಲ್ಲ. "ನಿಮ್ಮ ಹೆಸರಲ್ಲ ಅದು. ಯಾಕ ಬಂದ್ರಿ?" ಎಂದೆ. ಅವರು ಕರವಸ್ತ್ರದಿಂದ ಬೆವರು ಒರೆಸುತ್ತ, "ಈ ಊರಾಗ ಆ ಹೆಸರು ಯಾರಿಗೆ ಗೊತ್ತೈತಿ? ನೀನs ಹೇಳಿರಬೇಕು. ನೀ ಕರದ್ರ ನನ್ನನ್ನs ಕರದಿರಬೇಕು. ಅದಕ್ಕ ಬಂದೆ" ಎಂದರು. ಕರವಸ್ತ್ರ ಮಡಚುತ್ತ, "ಅವರ ಹೆಸರಿಗೆ ಓ ಅನ್ನೂದಕ್ಕ ನನಗೇನು ಕಮ್ಮಿ ಆಗತೈತಿ?" ಎಂದರು.

ಅತ್ತೀ, ಆಗ ನನ್ನೊಳಗೆ ಏನೋ ಸಡಿಲಾಯಿತು. ಇಷ್ಟು ವರ್ಷ ಒಂದು ಹೆಸರು ಹೋದರೆ ಮಾತ್ರ ಇನ್ನೊಂದಕ್ಕೆ ಜಾಗ ಎಂದು ತಿಳಿದಿದ್ದೆ. ಆ ಹೆಂಗಸಿನ ತೋಳು ಹಿಡಿದು "ನೋ" ಎಂದೆ. ಇವರು ಅವರಲ್ಲ, ಕೇಳಿಲ್ಲಿ ಎಂದು ಕನ್ನಡದಲ್ಲೇ ಹೇಳಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡೆ, ಇನ್ನೇನು ಹೊಸ ಮನೆಗೆ ಕಾಲಿಡುವವಳ ಹಾಗೆ. ಈ ಸಲದ್ದು ನೀನು ಹೆಣೆದದ್ದಲ್ಲ, ತಪ್ಪಿದ್ದರೆ ನನ್ನದೇ ತಪ್ಪು:

"ಗದಗಿನ ಗುಡಿಯಾಗ ಕಲ್ಲಿನ ಕಂಬ,
ಪರದೇಶಿ ಗುಡಿಯಾಗ ಬಣ್ಣದ ಬಿಂಬ,
ಚಂದ್ರಶೇಖರ ಮಾಸ್ತರು ನನ್ನ ಕಣ್ಣ ತುಂಬ."

ಆ ಹೆಂಗಸಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಆದರೂ ಚಪ್ಪಾಳೆ ಹೊಡೆದಳು. ಮಾಸ್ತರರು ಮಾತ್ರ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೂಗು ಒರೆಸಿಕೊಂಡರು. ಗುಮ್ಮಟದ ಮೇಲಿಂದ ಏನು ಕಂಡಿತು ಎಂದು ಕೇಳಿದರೆ, "ಈಗ ಕೇಳಬ್ಯಾಡ, ಎಲ್ಲಾ ಮರತೆ" ಎಂದರು. ಅವರೂ ನನ್ನ ಹೆಸರಿಗೆ ಒಡಪು ಹೆಣೆಯಲು ಹೊರಟರು. ಗಿರಿಜಾಗೆ ಪ್ರಾಸ ಸಿಗದೆ ಸಂಜೆಯವರೆಗೂ ಒದ್ದಾಡಿದರು. ಗುಮ್ಮಟ ಬಿಡಿಸಿದಷ್ಟು ಸುಲಭವೇ ಅದು?

ಸಂಜೆ ನದಿಯ ಸೇತುವೆಯ ಮೇಲೆ ನಿಂತೆವು. ಸೇತುವೆಯ ಎರಡೂ ಬದಿಗೆ ಬಂಗಾರದ ಅಂಗಡಿಗಳು, ನಮ್ಮ ಸರಾಫ ಬಜಾರವನ್ನೇ ಎತ್ತಿ ನೀರಿನ ಮೇಲೆ ಇಟ್ಟ ಹಾಗೆ. ನೀರು, ಗೋಡೆ, ಮಾಸ್ತರರ ಬಿಳಿ ಕೂದಲು, ಎಲ್ಲವೂ ಒಂದೇ ಬಂಗಾರದ ಬಣ್ಣ. ಆಗ ಅವರು ಮೊದಲ ಸಲ ಕೇಳಿದರು: "ಬಸವರಾಜ ಹೆಂಗಿದ್ದ? ಹೇಳು." ನಾನು ಹೇಳಿದೆ. ಚಹಾವನ್ನು ತಟ್ಟೆಗೆ ಸುರಿದು ಕುಡಿಯುತ್ತಿದ್ದದ್ದು, ಗಿರಾಕಿಗಳ ಮುಂದೆ ತಾನೇ ಸೀರೆ ಹೊದ್ದು ತೋರಿಸುತ್ತಿದ್ದದ್ದು, ಕತ್ತಲೆಂದರೆ ಹೆದರುತ್ತಿದ್ದದ್ದು. ನಿದ್ದೆಯಲ್ಲಿ ಮಾತಾಡುವವಳಂತೆ ಹೇಳುತ್ತಲೇ ಹೋದೆ. ನಡುವೆ ಅಳುತ್ತಿದ್ದೆ, ನಡುವೆ ನಗುತ್ತಿದ್ದೆ. ಅವರು ಕಟಕಟೆಗೆ ಒರಗಿ ಕೇಳುತ್ತ ನಿಂತಿದ್ದರು, ತಮಗೆ ಬೇಕಾದವರೊಬ್ಬರ ಸುದ್ದಿ ಕೇಳುವ ಹಾಗೆ.

ಇನ್ನೊಂದು ಸುದ್ದಿ ಇದೆ, ಅದಕ್ಕಾಗಿಯೇ ಮುಖ್ಯವಾಗಿ ಈ ಪತ್ರ. ಮೊನ್ನೆ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ನಿನ್ನ ಸಣ್ಣ ಮಗ, ಮೊಮ್ಮಕ್ಕಳು ಎಲ್ಲರೂ ಊಟಕ್ಕೆ ಕುಳಿತಿದ್ದರು, ಸಣ್ಣ ಸೊಸೆ ಬಡಿಸುತ್ತಿದ್ದಳು. ಮಾಸ್ತರರು ಬದನೆಕಾಯಿ ಪಲ್ಯ ಇನ್ನಷ್ಟು ಹಾಕಿಸಿಕೊಳ್ಳುತ್ತ, ಹವೆಯ ಮಾತಾಡಿದಷ್ಟು ಸಹಜವಾಗಿ ಕೇಳಿದರು: "ಬಸವರಾಜಗೂ ಇದು ಭಾಳ ಸೇರತಿತ್ತಂತ, ಖರೇನ?" ಬಡಿಸುತ್ತಿದ್ದವಳ ಕೈ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. "ಬಸವರಾಜ ಒಬ್ಬನs ಒಂದ ಗಡಿಗಿ ಖಾಲಿ ಮಾಡತಿದ್ದ" ಎಂದೆ ನಾನು, ಒಡಪಿಲ್ಲದೆ, ಪ್ರಾಸವಿಲ್ಲದೆ. ನಿನ್ನ ಸಣ್ಣ ಮಗ ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದ. ಆಮೇಲೆ, "ನಮ್ಮ ಬಸವರಾಜಣ್ಣ ಒಮ್ಮೆ ಏನ ಮಾಡಿದ್ದ ಗೊತ್ತೇನ್ರಿ ಮಾಸ್ತರ..." ಎಂದು ಶುರು ಮಾಡಿದ. ಅವನು ನಿಲ್ಲಿಸಿದರೆ ಅವನ ಹೆಂಡತಿ, ಅವಳು ನಿಲ್ಲಿಸಿದರೆ ನಾನು. ಕೈ ಒಣಗಿತು, ಯಾರೂ ಏಳಲಿಲ್ಲ. ದೊಡ್ಡಪ್ಪನನ್ನು ನೋಡದ ಮೊಮ್ಮಗಳು ಸಹ ಬಸವರಾಜ ದೊಡ್ಡಪ್ಪ, ಬಸವರಾಜ ದೊಡ್ಡಪ್ಪ ಎಂದು ಕುಣಿದಾಡಿದಳು.

ನೀನೂ ಅಲ್ಲಿ ಅವನನ್ನು ಇನ್ನು "ಅಂವ" ಎನ್ನಬೇಡ, ಅತ್ತಿ. ಹೆಸರು ಹಿಡಿದೇ ಕೂಗು, ಗಟ್ಟಿಯಾಗಿ ಕೂಗು. ಈಗ ನಮ್ಮ ಕಡೆಯಿಂದ ಯಾರೂ ಅಳುವುದಿಲ್ಲ.

ಚಂದ್ರಶೇಖರ ಮಾಸ್ತರರ ಹೆಂಡತಿ,
ಎಂದೆಂದಿಗೂ ನಿನ್ನ ಸೊಸೆ,
ಗಿರಿಜಾ